ಅಮೆರಿಕದ ಹೈಸ್ಕೂಲ್ ಸ್ಪ್ಯಾನಿಷ್ ತರಗತಿ: ಗ್ರೇಡ್ ಪದ್ಧತಿಯ ಒಂದು ವಿಮರ್ಶೆ

ಶಾಲೆ ಶುರುವಾದ ಮೊದಲ ವಾರದಲ್ಲೇ ಸ್ಪ್ಯಾನಿಷ್ ಟೀಚರ್ ಎರಡು ಪುಟದ ಹಾಳೆಯೊಂದನ್ನು ಮನೆಗೆ ಕಳಿಸುತ್ತಾರೆ. ತರಗತಿಯ ನಿಯಮಗಳು, ಬೇಕಾದ ಸಾಮಾನು, ಗ್ರೇಡ್ ಹಾಕುವ ಲೆಕ್ಕ, ಕೊನೆಯಲ್ಲಿ ಪೋಷಕರ ಸಹಿಗೆ ಒಂದು ಗೆರೆ. ಹೆಚ್ಚಿನ ಮನೆಗಳಲ್ಲಿ ಸಹಿ ಬೀಳುತ್ತದೆ, ಹಾಳೆಯನ್ನು ಯಾರೂ ಓದುವುದಿಲ್ಲ. ನವೆಂಬರ್‌ನಲ್ಲಿ ಬಿ ಬಂದಾಗ ಏಕೆ ಬಂತೆಂದು ಹುಡುಕುವ ಉತ್ತರ ಆ ಹಾಳೆಯ ಎರಡನೇ ಪುಟದಲ್ಲೇ ಇರುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಭಾಷೆ ಕಲಿಸುವ ವ್ಯವಸ್ಥೆಯಾಗಿ ಅಮೆರಿಕದ ಸರ್ಕಾರಿ ಹೈಸ್ಕೂಲುಗಳ ಸ್ಪ್ಯಾನಿಷ್ ಕೋರ್ಸು ಚೆನ್ನಾಗಿದೆ. ಮಾತಿಗೆ ಒತ್ತು ಕೊಡುತ್ತದೆ, ವ್ಯಾಕರಣವನ್ನು ಒಂದು ಕ್ರಮದಲ್ಲಿ ಕಟ್ಟುತ್ತದೆ. ಆದರೆ ಅದೇ ಕೋರ್ಸಿನ ಗ್ರೇಡು ಶಾಲೆಯಿಂದ ಶಾಲೆಗೆ, ಒಂದೇ ಶಾಲೆಯಲ್ಲಿ ಟೀಚರಿಂದ ಟೀಚರಿಗೆ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತದೆ. ಕೆಲವು ಕಡೆ ಅದು ಮಗುವಿನ ಸ್ಪ್ಯಾನಿಷ್ ಅನ್ನು ಅಳೆಯುತ್ತದೆ, ಕೆಲವು ಕಡೆ ಮಗು ಎಷ್ಟು ಶಿಸ್ತಿನಿಂದ ಹಾಳೆ ತುಂಬಿ ಕೊಟ್ಟಿತು ಎಂಬುದನ್ನು. ಯಾವುದು ಯಾವುದೆಂದು ಗುರುತಿಸಲು ಬಂದರೆ ಅರ್ಧ ಚಿಂತೆ ಕಳೆಯುತ್ತದೆ.

ಎಷ್ಟು ನಿರೀಕ್ಷಿಸಬಹುದು ಎಂಬ ಲೆಕ್ಕದಿಂದ ಶುರು ಮಾಡೋಣ. ಬಹುತೇಕ ರಾಜ್ಯಗಳಲ್ಲಿ ಶಾಲಾ ವರ್ಷ ಸುಮಾರು 180 ದಿನ. ದಿನಕ್ಕೆ 50 ನಿಮಿಷದ ಪೀರಿಯಡ್ ಎಂದರೂ ವರ್ಷಕ್ಕೆ 150 ಗಂಟೆ. ಪರೀಕ್ಷೆ, ಸಭೆ, ಹಿಮದ ರಜೆ ಕಳೆದರೆ ಇನ್ನೂ ಕಡಿಮೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಕೆಲಸಕ್ಕೆ ಬೇಕಾಗುವಷ್ಟು ಸ್ಪ್ಯಾನಿಷ್ ಕಲಿಸಲು 30 ವಾರ, 750 ತರಗತಿ ಗಂಟೆ ಇಡುತ್ತದೆ. ಅವರು ವಯಸ್ಕರು, ಅದೇ ಕೆಲಸವಾಗಿ ಕೂತು ಕಲಿಯುವವರು. ಹಾಗಿರುವಾಗ ಎರಡು ವರ್ಷ ಓದಿದ ಮಗು ಸ್ಪ್ಯಾನಿಷ್ ಟಿವಿ ಸುದ್ದಿ ಅರ್ಥ ಮಾಡಿಕೊಳ್ಳುವುದಿಲ್ಲ ಎಂದು ಬೇಸರಪಡುವುದರಲ್ಲಿ ನ್ಯಾಯವಿಲ್ಲ. ವಿದೇಶಿ ಭಾಷಾ ಶಿಕ್ಷಕರ ರಾಷ್ಟ್ರೀಯ ಸಂಘಟನೆಯಾದ ಆಕ್ಟ್‌ಫಲ್ ಮಾಡಿರುವ ನೊವಿಸ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್ ಎಂಬ ಮೆಟ್ಟಿಲುಗಳಲ್ಲಿ ಎರಡು ವರ್ಷದ ಕೊನೆಗೆ ಸಾಮಾನ್ಯ ವಿದ್ಯಾರ್ಥಿ ನೊವಿಸ್‌ನ ಮೇಲಿನ ಹಂತ, ಚುರುಕಾದವರು ಇಂಟರ್‌ಮೀಡಿಯೆಟ್‌ನ ಕೆಳಗಿನ ಹಂತ ಮುಟ್ಟುತ್ತಾರೆ. ಅಂದರೆ ತನ್ನ ಬಗ್ಗೆ, ಮನೆ ಶಾಲೆ ಊಟದ ಬಗ್ಗೆ ಪೂರ್ತಿ ವಾಕ್ಯದಲ್ಲಿ ಮಾತಾಡುವುದು, ಸರಳ ಪ್ರಶ್ನೆ ಕೇಳುವುದು. ಅಷ್ಟು ಬಂದರೆ ಕೋರ್ಸು ತನ್ನ ಮಾತು ಉಳಿಸಿಕೊಂಡಿದೆ.

ತೂಕದ ಪಟ್ಟಿ

ಹಾಳೆಯಲ್ಲಿ ಮೊದಲು ಹುಡುಕಬೇಕಾದ್ದು ಶೇಕಡಾವಾರು ಪಟ್ಟಿ. ಪರೀಕ್ಷೆ, ಕ್ವಿಜ್, ಹೋಂವರ್ಕ್, ಪಾರ್ಟಿಸಿಪೇಷನ್ (ತರಗತಿಯಲ್ಲಿ ಭಾಗವಹಿಸುವುದು), ಫೈನಲ್ ಎಂಬ ವಿಭಾಗಗಳಿಗೆ ಒಂದೊಂದು ತೂಕ ಇರುತ್ತದೆ. ಉದಾಹರಣೆಗೆ ಪರೀಕ್ಷೆಗೆ 40, ಕ್ವಿಜ್‌ಗೆ 20, ಹೋಂವರ್ಕ್‌ಗೆ 15, ಪಾರ್ಟಿಸಿಪೇಷನ್‌ಗೆ 15, ಫೈನಲ್‌ಗೆ 10 ಎಂದಿಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿಗೆ ಪರೀಕ್ಷೆಗಳಲ್ಲಿ 78, ಕ್ವಿಜ್‌ನಲ್ಲಿ 82, ಫೈನಲ್‌ನಲ್ಲಿ 75. ಆದರೆ ಹೋಂವರ್ಕ್ 100, ಪಾರ್ಟಿಸಿಪೇಷನ್ 95. ಒಟ್ಟು 84.35. ಇನ್ನೊಬ್ಬಳಿಗೆ ಪರೀಕ್ಷೆಯಲ್ಲಿ 92, ಕ್ವಿಜ್‌ನಲ್ಲಿ 90, ಫೈನಲ್‌ನಲ್ಲಿ 92. ಹೋಂವರ್ಕ್ ಮಾತ್ರ 55, ಪಾರ್ಟಿಸಿಪೇಷನ್ 70. ಒಟ್ಟು 82.75. ಭಾಷೆ ಹೆಚ್ಚು ಬಲ್ಲವಳು 1.6 ಅಂಕ ಹಿಂದೆ. ಪ್ಲಸ್ ಮೈನಸ್ ಹಾಕುವ ಶಾಲೆಯಾದರೆ ಅವನಿಗೆ ಬಿ, ಅವಳಿಗೆ ಬಿ ಮೈನಸ್ ಬರಬಹುದು.

ಇದು ಟೀಚರ್ ಮಾಡಿದ ಅನ್ಯಾಯವಲ್ಲ, ಪಟ್ಟಿಯ ಗುಣ. ಅಭ್ಯಾಸದ ಕೆಲಸಕ್ಕೂ ವರ್ತನೆಗೂ ಸೇರಿ 30ರಷ್ಟು ತೂಕ ಕೊಟ್ಟಾಗ ಗ್ರೇಡು ಭಾಷೆಯ ಅಳತೆಗೋಲಾಗಿ ಉಳಿಯುವುದಿಲ್ಲ. ನಮ್ಮ ಅಂದಾಜಿನಲ್ಲಿ ಈ ಎರಡೂ ಸೇರಿ 20 ದಾಟಬಾರದು. 10 ಇದ್ದರೆ ಇನ್ನೂ ಒಳ್ಳೆಯದು. ಹೋಂವರ್ಕ್‌ಗೆ ಸೊನ್ನೆ ತೂಕ ಕೊಡುವ ಶಾಲೆಗಳೂ ಇವೆ. ಅಲ್ಲಿ ಬೇರೆ ತೊಂದರೆ: ಅಂಕವಿಲ್ಲದ ಹೋಂವರ್ಕ್ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಮಕ್ಕಳು ಬಿಟ್ಟುಬಿಡುತ್ತಾರೆ, ಮೂರನೇ ಪರೀಕ್ಷೆಯ ಹೊತ್ತಿಗೆ ಅದರ ಫಲ ಕಾಣುತ್ತದೆ.

ವಿಭಾಗಗಳ ಹೆಸರು ಹೀಗಿಲ್ಲದೆ ‘ಇಂಟರ್‌ಪರ್ಸನಲ್, ಇಂಟರ್‌ಪ್ರಿಟಿವ್, ಪ್ರೆಸೆಂಟೇಷನಲ್’ ಎಂದಿದ್ದರೆ ಅದು ಒಳ್ಳೆಯ ಲಕ್ಷಣ. ಮೊದಲನೆಯದು ಎದುರಾಬದುರು ಮಾತು ಅಥವಾ ಸಂದೇಶ, ಎರಡನೆಯದು ಓದಿ ಕೇಳಿ ಅರ್ಥ ಮಾಡಿಕೊಳ್ಳುವುದು, ಮೂರನೆಯದು ತಯಾರಿ ಮಾಡಿ ಬರೆಯುವುದು ಅಥವಾ ಮಾತಾಡಿ ತೋರಿಸುವುದು. ಹೀಗೆ ವಿಂಗಡಿಸಿದ ಟೀಚರ್ ಕೌಶಲವನ್ನೇ ಅಳೆಯಲು ಹೊರಟಿದ್ದಾರೆ. ಪೋಷಕರಿಗೂ ಉಪಯೋಗವಿದೆ. ‘ಬಿ ಬಂತು’ ಎಂಬುದರ ಬದಲು ‘ಓದಿ ಅರ್ಥ ಮಾಡಿಕೊಳ್ಳುತ್ತಾಳೆ, ಬಾಯಿ ಬಿಟ್ಟು ಮಾತಾಡುವುದರಲ್ಲಿ ಹಿಂದೆ’ ಎಂದು ಗೊತ್ತಾಗುತ್ತದೆ. 4, 3, 2, 1 ಎಂದು ಅಂಕ ಕೊಡುವ ಶಾಲೆಗಳಲ್ಲಿ 3 ಎಂದರೆ ಶೇಕಡಾ 75 ಅಲ್ಲ, ನಿರೀಕ್ಷಿಸಿದ ಮಟ್ಟ ಮುಟ್ಟಿದ್ದಾರೆ ಎಂದರ್ಥ. ಅದನ್ನು ಅಕ್ಷರದ ಗ್ರೇಡಿಗೆ ಹೇಗೆ ಬದಲಾಯಿಸುತ್ತಾರೆ ಎಂಬ ಪಟ್ಟಿ ಹಾಳೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಕೇಳಿ ಪಡೆಯಿರಿ.

ಪೋರ್ಟಲ್ ತೋರಿಸುವ ಸಂಖ್ಯೆ

ಪವರ್‌ಸ್ಕೂಲ್, ಇನ್ಫಿನಿಟ್ ಕ್ಯಾಂಪಸ್, ಕ್ಯಾನ್ವಾಸ್ ಎಂಬ ಶಾಲೆಯ ಆನ್‌ಲೈನ್ ಪೋರ್ಟಲ್‌ಗಳಲ್ಲಿ ಗ್ರೇಡು ದಿನದಿನವೂ ಕಾಣುತ್ತದೆ. ಮೂರನೇ ವಾರದಲ್ಲಿ ಅಲ್ಲಿ ಕಾಣುವ ಸಂಖ್ಯೆಗೆ ಬೆಲೆ ಕಡಿಮೆ. ಕಾರಣ ಸರಳ. ಇನ್ನೂ ಏನೂ ದಾಖಲಾಗದ ವಿಭಾಗವನ್ನು ಬಿಟ್ಟು ಉಳಿದವುಗಳ ತೂಕವನ್ನೇ ನೂರಕ್ಕೆ ಹಿಗ್ಗಿಸಿ ಲೆಕ್ಕ ಹಾಕುವಂತೆ ಇವನ್ನು ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಮೇಲಿನ ಪಟ್ಟಿಯಲ್ಲಿ ಹೋಂವರ್ಕ್ 100, ಒಂದೇ ಒಂದು ಕ್ವಿಜ್ 60 ಎಂದು ಮಾತ್ರ ದಾಖಲಾಗಿದ್ದರೆ ತೆರೆಯ ಮೇಲೆ 77 ಬರುತ್ತದೆ. ನಾಲ್ಕು ಕ್ವಿಜ್ ಮುಗಿದ ಮೇಲೆ ಆ 60 ಇಡೀ ಗ್ರೇಡಿನಲ್ಲಿ ಇಪ್ಪತ್ತನೇ ಒಂದು ಪಾಲು ಅಷ್ಟೇ. ಆರನೇ ವಾರದವರೆಗೆ ಒಟ್ಟು ಸಂಖ್ಯೆ ನೋಡಬೇಡಿ, ಒಂದೊಂದು ಕೆಲಸಕ್ಕೆ ಬಂದ ಅಂಕ ನೋಡಿ.

ಖಾಲಿ ಬಿಟ್ಟ ಕೆಲಸಕ್ಕೆ ಸೊನ್ನೆ ಹಾಕುತ್ತಾರೋ 50 ಹಾಕುತ್ತಾರೋ ಎಂಬುದು ದೊಡ್ಡ ವ್ಯತ್ಯಾಸ. ಐದು ಹೋಂವರ್ಕ್‌ಗಳಲ್ಲಿ ನಾಲ್ಕಕ್ಕೆ 90, ಒಂದಕ್ಕೆ ಸೊನ್ನೆ ಎಂದರೆ ಸರಾಸರಿ 72. ಸೊನ್ನೆಯ ಬದಲು 50 ಇದ್ದರೆ 82. ಹೋಂವರ್ಕ್ ತೂಕ 15 ಆದರೆ ಆ ಒಂದು ಸೊನ್ನೆ ಒಟ್ಟು ಗ್ರೇಡಿನಿಂದ 2.7 ಅಂಕ ತಿನ್ನುತ್ತದೆ. ಹಾಗೆ ಬಂದ ಸೊನ್ನೆ ಎಷ್ಟೋ ಸಲ ಮಾಡದ ಕೆಲಸಕ್ಕಲ್ಲ, ಮಾಡಿ ‘ಸಬ್‌ಮಿಟ್’ ಒತ್ತದೇ ಬಿಟ್ಟದ್ದಕ್ಕೆ. ಶುಕ್ರವಾರ ಸಂಜೆ ಹತ್ತು ನಿಮಿಷ ಪೋರ್ಟಲ್‌ನಲ್ಲಿ ‘ಮಿಸ್ಸಿಂಗ್’ ಎಂಬ ಗುರುತು ಹುಡುಕಿದರೆ ತಡವಾಗಿ ಕೊಡಲು ಸಿಗುವ ಅವಧಿಯೊಳಗೆ ಸರಿಪಡಿಸಬಹುದು.

ಮರುಪರೀಕ್ಷೆಯ ನಿಯಮವನ್ನು ಸಾಲು ಸಾಲಾಗಿ ಓದಿ. ನಾಲ್ಕು ಸಂಗತಿ ತಿಳಿಯಬೇಕು: ಯಾವುದಕ್ಕೆ ಅವಕಾಶವಿದೆ, ಎಷ್ಟು ದಿನದೊಳಗೆ, ಅದಕ್ಕೆ ಮೊದಲು ಏನು ಮಾಡಿ ತೋರಿಸಬೇಕು, ಹೊಸ ಅಂಕ ಹಳೆಯದರ ಜಾಗಕ್ಕೆ ಬರುತ್ತದೋ ಅಥವಾ ಎರಡರ ಸರಾಸರಿಯೋ. ತಪ್ಪಾದ ಉತ್ತರಗಳನ್ನು ತಿದ್ದಿ, ಏಕೆ ತಪ್ಪೆಂದು ಬರೆದ ಮೇಲೆ ಮಾತ್ರ ಮರುಪರೀಕ್ಷೆ ಎಂಬ ನಿಯಮ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯದು. ಭಾಷೆ ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಷಯ. ಅಕ್ಟೋಬರ್‌ನಲ್ಲಿ ಬಾರದ ಕ್ರಿಯಾಪದ ಜನವರಿಯಲ್ಲಿ ಬಂದರೆ ಜನವರಿಯ ಜ್ಞಾನವೇ ನಿಜವಾದದ್ದು. ಮರುಪರೀಕ್ಷೆಯೇ ಇಲ್ಲದ ಸ್ಪ್ಯಾನಿಷ್ 1 ತರಗತಿ ನಮ್ಮ ಲೆಕ್ಕದಲ್ಲಿ ಒಂದು ನಕ್ಷತ್ರ ಕಳೆದುಕೊಳ್ಳುತ್ತದೆ.

ಪಾರ್ಟಿಸಿಪೇಷನ್ ಎಂಬ ದುರ್ಬಲ ಕೊಂಡಿ

ಇಡೀ ಪದ್ಧತಿಯಲ್ಲಿ ಅತ್ಯಂತ ಸಡಿಲವಾದದ್ದು ಇದೇ. ವಾರಕ್ಕೆ 10 ಅಂಕ, ‘ತರಗತಿಯಲ್ಲಿ ಉತ್ಸಾಹದಿಂದ ಭಾಗವಹಿಸಬೇಕು’ ಎಂದಷ್ಟೇ ಬರೆದಿದ್ದರೆ ಸಂಕೋಚದ ಮಗು ಸೋಲುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಯಾರು ಎಷ್ಟು ಸಲ ಬಾಯಿ ತೆರೆದರು ಎಂದು ನೆನಪಿಡುವುದು ಯಾವ ಟೀಚರಿಗೂ ಸಾಧ್ಯವಿಲ್ಲ, ಕೊನೆಗೆ ಕೈ ಎತ್ತುವವರ ಮುಖವೇ ನೆನಪಿನಲ್ಲಿ ಉಳಿಯುತ್ತದೆ. ಚೆನ್ನಾಗಿ ಮಾಡುವವರು ಎಣಿಸಲು ಬರುವ ಅಳತೆ ಇಡುತ್ತಾರೆ: ಜೋಡಿಯಾಗಿ ಮಾತಾಡುವಾಗ ಸ್ಪ್ಯಾನಿಷ್‌ನಲ್ಲೇ ಉಳಿದರೇ, ತರಗತಿಯ ಮಾಮೂಲಿ ಕೋರಿಕೆಗಳನ್ನು ಸ್ಪ್ಯಾನಿಷ್‌ನಲ್ಲೇ ಕೇಳಿದರೇ, ದಿನದ ಮೊದಲ ಐದು ನಿಮಿಷದ ಕೆಲಸ ಮುಗಿಸಿದರೇ.

ತರಗತಿಯ ಸಮಯದಲ್ಲಿ ಶೇಕಡಾ 90ಕ್ಕೂ ಹೆಚ್ಚು ಕಲಿಯುವ ಭಾಷೆಯಲ್ಲೇ ನಡೆಯಬೇಕೆಂಬುದು ಆಕ್ಟ್‌ಫಲ್ ಸಲಹೆ. ‘ಟೀಚರ್ ಬರೀ ಸ್ಪ್ಯಾನಿಷ್ ಮಾತಾಡ್ತಾರೆ, ಏನೂ ಅರ್ಥ ಆಗಲ್ಲ’ ಎಂಬ ಮೊದಲ ತಿಂಗಳ ದೂರು ಅಲ್ಲಿಂದಲೇ ಬರುತ್ತದೆ. ಅದು ಲೋಪವಲ್ಲ, ಉದ್ದೇಶ. ಸನ್ನೆ, ಚಿತ್ರ, ಪುನರುಕ್ತಿಯಿಂದ ಅರ್ಥ ಹಿಡಿಯುವುದೇ ಪಾಠ. ಸಂಕೋಚದ ಮಗುವಿಗೆ ನಾಲ್ಕು ವಾಕ್ಯ ಬಾಯಿಪಾಠವಾದರೆ ಸಾಕು, ಪಾರ್ಟಿಸಿಪೇಷನ್ ಅಂಕ ಕೈ ತಪ್ಪುವುದಿಲ್ಲ: ‘ಕೋಮೊ ಸೆ ದೀಸೆ’ ಎಂದರೆ ಇದಕ್ಕೆ ಏನನ್ನುತ್ತಾರೆ, ‘ನೊ ಎಂತ್ಯೆಂದೊ’ ಎಂದರೆ ನನಗೆ ಅರ್ಥವಾಗಲಿಲ್ಲ, ‘ಮಾಸ್ ದೆಸ್ಪಾಸ್ಯೊ, ಪೊರ್ ಫಬೋರ್’ ಎಂದರೆ ದಯವಿಟ್ಟು ಇನ್ನೂ ನಿಧಾನ, ‘ಪ್ವೇದೊ ಇರ್ ಅಲ್ ಬಾನ್ಯೊ’ ಎಂದರೆ ಶೌಚಾಲಯಕ್ಕೆ ಹೋಗಬಹುದೇ.

ಹೋಂವರ್ಕ್, ಅನುವಾದ ಯಂತ್ರ, ಸೊನ್ನೆ

ಪ್ರತಿ ಹಾಳೆಯಲ್ಲೂ ದಪ್ಪ ಅಕ್ಷರದಲ್ಲಿರುವ ನಿಯಮ ಒಂದೇ: ಆನ್‌ಲೈನ್ ಅನುವಾದ ಯಂತ್ರವಾಗಲಿ ಎಐ ಆಗಲಿ ಬಳಸಿದರೆ ಅದು ನಕಲು. ಮೊದಲ ಸಲ ಸೊನ್ನೆ ಮತ್ತು ಮನೆಗೆ ಫೋನ್, ಎರಡನೇ ಸಲ ಆಡಳಿತಕ್ಕೆ ದೂರು ಎಂಬುದು ಸಾಮಾನ್ಯ ಕ್ರಮ. ಈ ನಿಯಮ ಸರಿ. ಟೀಚರಿಗೆ ಹೇಗೆ ಗೊತ್ತಾಗುತ್ತದೆ ಎಂದು ಮಕ್ಕಳು ಅಚ್ಚರಿಪಡುತ್ತಾರೆ. ವರ್ತಮಾನ ಕಾಲ ಮಾತ್ರ ಕಲಿತ ವಿದ್ಯಾರ್ಥಿಯ ಹಾಳೆಯಲ್ಲಿ ಮೂರನೇ ವರ್ಷದಲ್ಲಿ ಬರುವ ಸಬ್‌ಜಂಕ್ಟಿವ್ ರೂಪ (ಆಸೆ, ಸಂಶಯ ಹೇಳುವ ಕ್ರಿಯಾರೂಪ) ತಪ್ಪಿಲ್ಲದೆ ಕೂತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಹಲವರಿಗೆ ಹೇಳುವ ‘ನೀವು’ಗೆ ತರಗತಿಯಲ್ಲಿ ‘ಉಸ್ತೇದೆಸ್’ ಮಾತ್ರ ಕಲಿಸಿರುವಾಗ ಸ್ಪೇನ್‌ನ ‘ಬೊಸೋತ್ರೊಸ್’ ರೂಪ ಬಂದರೂ ಹಾಗೆಯೇ.

ಆದರೆ ನಿಯಮ ಬರೆಯುವವರು ಹೆಚ್ಚಾಗಿ ಒಂದು ಕೆಲಸ ಬಿಡುತ್ತಾರೆ: ಏನು ಬಳಸಬಹುದು ಎಂದು ಹೇಳುವುದಿಲ್ಲ. ಒಂದು ಪದದ ಅರ್ಥ ನೋಡಲು ವರ್ಡ್‌ರೆಫರೆನ್ಸ್‌ನಂಥ ನಿಘಂಟು ಸರಿ, ವಾಕ್ಯವನ್ನೇ ಹಾಕಿ ವಾಕ್ಯ ಪಡೆಯುವುದು ತಪ್ಪು ಎಂಬ ಗೆರೆ ಸ್ಪಷ್ಟವಾಗಿರಬೇಕು. ಪ್ರಾಮಾಣಿಕವಾಗಿ ಬರೆದ ಮಗುವಿನ ಮೇಲೆ ಅನುಮಾನ ಬಂದರೆ ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ ಕಾಪಾಡುತ್ತದೆ. ಬರೆದದ್ದು, ಅಳಿಸಿದ್ದು, ತಿದ್ದಿದ್ದು ಎಲ್ಲ ಸಮಯದೊಂದಿಗೆ ಅಲ್ಲಿರುತ್ತದೆ. ಆದ್ದರಿಂದ ಪ್ರಬಂಧವನ್ನು ಬೇರೆಲ್ಲೋ ಬರೆದು ತಂದು ಅಂಟಿಸಬಾರದು, ಡಾಕ್ಸ್‌ನಲ್ಲೇ ಮೊದಲಿಂದ ಬರೆಯಬೇಕು.

ಪದಗಳ ಕ್ವಿಜ್‌ನಲ್ಲಿ ಅಂಕ ಹೋಗುವ ದಾರಿ ಬಹಳ ಮನೆಗಳಲ್ಲಿ ಒಂದೇ. ಮಗು ಕ್ವಿಜ್‌ಲೆಟ್ ಎಂಬ ಪದ ಕಲಿಯುವ ಆ್ಯಪ್‌ನಲ್ಲಿ ಜೋಡಿಸುವ ಆಟ ಆಡಿ ನೂರಕ್ಕೆ ನೂರು ತೆಗೆದಿರುತ್ತದೆ, ಕ್ವಿಜ್‌ನಲ್ಲಿ 65. ಜೋಡಿಸುವುದು ಗುರುತು ಹಿಡಿಯುವ ಕೆಲಸ, ಕ್ವಿಜ್ ಕೇಳುವುದು ನೆನಪಿನಿಂದ ಬರೆಯುವ ಕೆಲಸ. ಎರಡಕ್ಕೂ ಬಹಳ ಅಂತರ. 20 ಪದಗಳ ಪಟ್ಟಿ ಬಂದ ದಿನವೇ ಕಾಗದ ಮಡಚಿ, ಒಂದು ಪಕ್ಕ ಅರ್ಥ ಮಾತ್ರ ಕಾಣುವಂತೆ ಇಟ್ಟು, ಇನ್ನೊಂದು ಪಕ್ಕ ಸ್ಪ್ಯಾನಿಷ್ ಬರೆಯಬೇಕು. ಪದದ ಲಿಂಗ ಹೇಳುವ ‘ಎಲ್’ ಅಥವಾ ‘ಲಾ’ ಸಮೇತ, ಸ್ವರದ ಮೇಲಿನ ಒತ್ತಿನ ಗೆರೆ ಸಮೇತ. ತಪ್ಪಾದವನ್ನಷ್ಟೇ ಮತ್ತೆ. ದಿನಕ್ಕೆ ಹತ್ತು ನಿಮಿಷದಂತೆ ನಾಲ್ಕು ದಿನ ಮಾಡಿದರೆ, ಹಿಂದಿನ ರಾತ್ರಿ ನಲವತ್ತು ನಿಮಿಷ ಉರು ಹೊಡೆದದ್ದಕ್ಕಿಂತ ಹೆಚ್ಚು ಉಳಿಯುತ್ತದೆ.

ಆ ಒತ್ತಿನ ಗೆರೆಯನ್ನು ಅಲಂಕಾರ ಎಂದುಕೊಳ್ಳುವುದೇ ದೊಡ್ಡ ತಪ್ಪು. ‘ಆಬ್ಲೊ’ ಎಂದು ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ನಾನು ಮಾತಾಡುತ್ತೇನೆ. ಕೊನೆಯ ಓ ಮೇಲೆ ಗೆರೆ ಹಾಕಿ ಅಲ್ಲಿ ಒತ್ತಿದರೆ ಅವನು ಮಾತಾಡಿದ. ಕರ್ತೃವೂ ಕಾಲವೂ ಎರಡೂ ಬದಲಾದವು. ಎನ್ ಮೇಲಿನ ಅಲೆಗೆರೆ ಬಿಟ್ಟರೆ ‘ಆನ್ಯೊ’, ಅಂದರೆ ವರ್ಷ, ಗುದದ್ವಾರವಾಗುತ್ತದೆ. ‘ನನಗೆ ಹದಿನಾಲ್ಕು ವರ್ಷ’ ಎಂಬುದು ಮೊದಲ ತಿಂಗಳಲ್ಲೇ ಬರೆಯುವ ವಾಕ್ಯವಾದ್ದರಿಂದ ಇದನ್ನು ಮೊದಲ ದಿನವೇ ಕಲಿಯುವುದು ಕ್ಷೇಮ. ಟೈಪ್ ಮಾಡುವಾಗ ಗೆರೆ ಬಿಟ್ಟು ಅಂಕ ಕಳೆದುಕೊಳ್ಳುವವರೇ ಹೆಚ್ಚು. ಕ್ರೋಮ್‌ಬುಕ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಯುಎಸ್ ಇಂಟರ್‌ನ್ಯಾಷನಲ್’ ಕೀಬೋರ್ಡ್ ಸೇರಿಸಿದರೆ ಒಂಟಿ ಉದ್ಧರಣ ಚಿಹ್ನೆ ಒತ್ತಿ ಸ್ವರ ಒತ್ತಿದಾಗ ಗೆರೆ ಬರುತ್ತದೆ, ಅಲೆಗೆರೆಯ ಕೀ ಒತ್ತಿ ಎನ್ ಒತ್ತಿದರೆ ಅಲೆ ಬರುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಜೊತೆ ಇ ಒತ್ತಿ ಬಿಟ್ಟು ಸ್ವರ. ಆಪ್ಷನ್ ಜೊತೆ ಎನ್ ಒತ್ತಿ ಬಿಟ್ಟು ಮತ್ತೆ ಎನ್. ನಂಬರ್ ಪ್ಯಾಡ್ ಇರುವ ವಿಂಡೋಸ್‌ನಲ್ಲಿ ಅಲೆಗೆರೆಯ ಎನ್‌ಗೆ ಆಲ್ಟ್ 164. ಫೋನಿನಲ್ಲಿ ಅಕ್ಷರವನ್ನು ಒತ್ತಿ ಹಿಡಿದರೆ ಸಾಕು.

ಕನ್ನಡ ಬಲ್ಲ ಮಗುವಿಗೆ ಸಿಗುವ ಅನುಕೂಲ

ಈ ಕೋರ್ಸಿನ ಪಾಠಕ್ರಮ ಇಂಗ್ಲಿಷ್ ಮಾತಾಡುವ ಮಗುವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಇಂಗ್ಲಿಷಿನ ಮಗುವಿಗೆ ವಾರಗಟ್ಟಲೆ ಹಿಡಿಯುವ ಮೂರು ನಾಲ್ಕು ಸಂಗತಿ ಕನ್ನಡ ಬಲ್ಲ ಮಗುವಿನ ಬಾಯಲ್ಲಿ ಆಗಲೇ ಇವೆ. ಇದನ್ನು ಯಾವ ಟೀಚರೂ ಹೇಳಿಕೊಡುವುದಿಲ್ಲ, ಮನೆಯಲ್ಲೇ ತೋರಿಸಬೇಕು.

ಎಲ್ಲಕ್ಕಿಂತ ದೊಡ್ಡದು ‘ಗುಸ್ತಾರ್’. ‘ಮೆ ಗುಸ್ತಾ ಎಲ್ ಕಫೆ’ ಎಂದರೆ ಪದಕ್ಕೆ ಪದ ‘ನನಗೆ ಕಾಫಿ ಇಷ್ಟವಾಗುತ್ತದೆ’. ಇಷ್ಟಪಡುವವರಿಗೆ ಚತುರ್ಥಿ, ಇಷ್ಟವಾದ ವಸ್ತುವೇ ಕರ್ತೃ, ನಮ್ಮಲ್ಲಿ ಇರುವ ಹಾಗೆಯೇ. ಇಂಗ್ಲಿಷ್ ಮಗು ‘ಯೊ ಗುಸ್ತೊ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತದೆ. ‘ನನಗೆ’ ಎಂದು ಯೋಚಿಸಿದ ಮಗು ತಪ್ಪುವುದಿಲ್ಲ. ವಸ್ತು ಬಹುವಚನವಾದರೆ ಕ್ರಿಯಾಪದ ‘ಗುಸ್ತಾನ್’ ಆಗುವುದಕ್ಕೂ ಅದೇ ಕಾರಣ: ‘ನನಗೆ ನಾಯಿಗಳು ಇಷ್ಟವಾಗುತ್ತವೆ’. ಎರಡನೇ ವರ್ಷ ಬರುವ ‘ಮೆ ದ್ವೇಲೆ ಲಾ ಕಬೇಸಾ’ ಕೂಡ ‘ನನಗೆ ತಲೆ ನೋಯುತ್ತಿದೆ’ ಎಂಬ ಅಚ್ಚಿನದೇ.

ಕ್ರಿಯಾಪದದ ಕೊನೆಯೇ ಕರ್ತೃವನ್ನು ಹೇಳುವುದೂ ನಮಗೆ ಹೊಸದಲ್ಲ. ‘ಮಾತಾಡುತ್ತೇನೆ’ ಎಂದಾಗ ‘ನಾನು’ ಬೇಕಿಲ್ಲ, ‘ಆಬ್ಲೊ’ ಎಂದಾಗ ‘ಯೊ’ ಬೇಕಿಲ್ಲ. ಪ್ರತಿ ವಾಕ್ಯಕ್ಕೂ ‘ಯೊ’ ಹಚ್ಚುವುದು ಇಂಗ್ಲಿಷಿನ ನೆರಳು. ‘ತು’ ಮತ್ತು ‘ಉಸ್ತೆದ್’ ನಮ್ಮ ನೀನು, ನೀವು.

ಉಚ್ಚಾರಣೆಯಲ್ಲಿ ಟ ಡ ಬಿಟ್ಟು ತ ದ ಹಿಡಿದರೆ ಸ್ಪ್ಯಾನಿಷ್ ಸರಿಯಾಗಿ ಕೇಳುತ್ತದೆ. ಪದದ ಮೊದಲಲ್ಲಿ ಇಂಗ್ಲಿಷಿನವರು ಉಸಿರು ಸೇರಿಸಿ ನುಡಿಯುವ ಪ, ತ, ಕ ಇಲ್ಲಿ ನಮ್ಮ ಅಲ್ಪಪ್ರಾಣಗಳೇ. ಒಂಟಿ ರಕಾರ ನಮ್ಮದೇ. ಜೋಡಿ ರಕಾರವನ್ನು ನಾಲಿಗೆ ಕಂಪಿಸಿ ನುಡಿಯಬೇಕು. ಎಚ್ಚರ ಬೇಕಾದ ಕಡೆಗಳೂ ಇವೆ. ವಿ ಅಕ್ಷರ ಕಂಡರೆ ನಾವು ವ ಎನ್ನುತ್ತೇವೆ, ಅಲ್ಲಿ ಅದು ಬಕಾರ. ಎಚ್ ಬರೆದರೂ ನುಡಿಯುವುದಿಲ್ಲ. ಜೆ ಅಕ್ಷರ ಗಂಟಲಿನ ಹಕಾರ.

ಲಿಂಗದಲ್ಲಿ ಮಾತ್ರ ಕನ್ನಡ ನೆರವಿಗೆ ಬಾರದು. ನಮ್ಮಲ್ಲಿ ಅರ್ಥ ನೋಡಿ ಲಿಂಗ, ಮೇಜು ಕುರ್ಚಿಗಳೆಲ್ಲ ನಪುಂಸಕ. ಅಲ್ಲಿ ಮೇಜು ‘ಲಾ ಮೇಸಾ’, ಸ್ತ್ರೀಲಿಂಗ. ‘ಎಲ್ ಪ್ರೊಬ್ಲೇಮಾ’ ಆಕಾರದಿಂದ ಮುಗಿದರೂ ಪುಲ್ಲಿಂಗ, ‘ಲಾ ಮಾನೊ’ ಓಕಾರದಿಂದ ಮುಗಿದರೂ ಸ್ತ್ರೀಲಿಂಗ. ಪದವನ್ನು ‘ಎಲ್’ ‘ಲಾ’ ಸೇರಿಸಿಯೇ ಬಾಯಿಪಾಠ ಮಾಡಬೇಕು ಎಂದು ಮೇಲೆ ಹೇಳಿದ್ದು ಇದಕ್ಕೇ. ಗುಣವಾಚಕವೂ ಅದೇ ಲಿಂಗ, ಅದೇ ವಚನ ಹಿಡಿಯಬೇಕಾದ್ದರಿಂದ ಒಂದು ತಪ್ಪು ಮೂರಾಗುತ್ತದೆ.

ಎಲ್ಲಿ ಗ್ರೇಡ್ ಕುಸಿಯುತ್ತದೆ

ಸ್ಪ್ಯಾನಿಷ್ 1ರಲ್ಲಿ ಶುಭಾಶಯ, ಸಂಖ್ಯೆ, ಗಂಟೆ, ಕುಟುಂಬ, ಶಾಲೆ, ಊಟ, ವರ್ತಮಾನ ಕಾಲದ ಮೂರು ಗುಂಪಿನ ಕ್ರಿಯಾಪದಗಳು, ‘ಇರು’ ಎಂಬುದಕ್ಕೆ ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳು. ಗಮನವಿಟ್ಟು ಕೆಲಸ ಮಾಡಿದ ಮಗುವಿಗೆ ಇಲ್ಲಿ ಎ ಕಷ್ಟವಲ್ಲ.

ಕುಸಿತ ಸ್ಪ್ಯಾನಿಷ್ 2ರಲ್ಲಿ. ಭೂತಕಾಲ ಎರಡು ಬಗೆಯಲ್ಲಿ ಬರುತ್ತದೆ: ಮುಗಿದುಹೋದ ಘಟನೆಗೆ ಪ್ರೆಟರಿಟ್, ನಡೆಯುತ್ತಿದ್ದುದಕ್ಕೆ ಅಥವಾ ರೂಢಿಯಾಗಿದ್ದುದಕ್ಕೆ ಇಂಪರ್ಫೆಕ್ಟ್. ಪ್ರೆಟರಿಟ್‌ನಲ್ಲಿ ನಿಯಮ ಮುರಿಯುವ ಕ್ರಿಯಾಪದಗಳೇ ದಿನಬಳಕೆಯವು. ‘ಸೆರ್’ ಮತ್ತು ‘ಇರ್’ ಎರಡಕ್ಕೂ ರೂಪ ಒಂದೇ: ‘ಫ್ವಿ’ ಎಂದರೆ ಇದ್ದೆನೂ ಹೌದು, ಹೋದೆನೂ ಹೌದು. ಅದರ ಬೆನ್ನಿಗೇ ಕರ್ಮದ ಸರ್ವನಾಮಗಳು ಕ್ರಿಯಾಪದಕ್ಕಿಂತ ಮೊದಲು ಕೂರುವ ನಿಯಮ. ಮೊದಲ ವರ್ಷದ ವರ್ತಮಾನ ಕಾಲ ಗಟ್ಟಿಯಿಲ್ಲದವರಿಗೆ ಇದು ಅಡಿಪಾಯವಿಲ್ಲದ ಮಹಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಪುಸ್ತಕ ಮುಚ್ಚಿಟ್ಟದ್ದರ ಬೆಲೆ ಸೆಪ್ಟೆಂಬರ್‌ನಲ್ಲಿ ಗೊತ್ತಾಗುತ್ತದೆ. ಪ್ರೆಟರಿಟ್, ಇಂಪರ್ಫೆಕ್ಟ್ ಬೇರೆ ಮಾಡಲು ಕನ್ನಡದ ‘ಹೋದೆ’ ಮತ್ತು ‘ಹೋಗುತ್ತಿದ್ದೆ’ ಒಳ್ಳೆಯ ಒರೆಗಲ್ಲು. ಎಲ್ಲ ಕಡೆ ಹೊಂದದಿದ್ದರೂ ಪರೀಕ್ಷೆಯ ಬಹುಪಾಲು ವಾಕ್ಯಗಳಿಗೆ ಸಾಕಾಗುತ್ತದೆ.

ಇನ್ನೊಂದು ಮಾಮೂಲಿ ದೃಶ್ಯ: ಕ್ರಿಯಾಪದದ ಕೋಷ್ಟಕ ತುಂಬುವುದರಲ್ಲಿ 100, ಮಾತಿನ ಪರೀಕ್ಷೆಯಲ್ಲಿ 70. ಕೋಷ್ಟಕದ ಆರು ರೂಪ ವರಸೆಯಾಗಿ ಬರುತ್ತವೆ, ಒಂದೊಂದಾಗಿ ಬರುವುದಿಲ್ಲ. ಕೋಷ್ಟಕ ಕಲಿತ ದಿನವೇ ಅದರ ಪ್ರತಿ ರೂಪಕ್ಕೂ ಒಂದು ನಿಜವಾದ ವಾಕ್ಯ ಗಟ್ಟಿಯಾಗಿ ಹೇಳಬೇಕು.

ಮಾತಿನ ಪರೀಕ್ಷೆಗೆ ಟೀಚರ್ ಸಾಮಾನ್ಯವಾಗಿ ಪ್ರಶ್ನೆಗಳ ಪಟ್ಟಿಯನ್ನು ಮೊದಲೇ ಕೊಟ್ಟು ಅದರಲ್ಲಿ ಕೆಲವನ್ನು ಕೇಳುತ್ತಾರೆ. ರೂಬ್ರಿಕ್‌ನಲ್ಲಿ, ಅಂದರೆ ಅಂಕ ಕೊಡುವ ಅಳತೆಪಟ್ಟಿಯಲ್ಲಿ, ಇರುವುದು ಕೇಳಿದ್ದಕ್ಕೆ ಪೂರ್ತಿ ಉತ್ತರ ಬಂತೇ, ಕೇಳಿದವರಿಗೆ ಅರ್ಥವಾಯಿತೇ, ಪದಗಳಲ್ಲಿ ವೈವಿಧ್ಯವಿದೆಯೇ, ವ್ಯಾಕರಣ ಹಿಡಿತದಲ್ಲಿದೆಯೇ. ಉತ್ತರಗಳನ್ನು ಕಂಠಪಾಠ ಮಾಡಿ ಒಪ್ಪಿಸುವ ಮಗು ಪ್ರಶ್ನೆ ಸ್ವಲ್ಪ ಬದಲಾದರೆ ನಿಂತುಬಿಡುತ್ತದೆ. ಇದರ ಬದಲು ಮೂರು ಹೆಜ್ಜೆಯ ರೂಢಿ ಬೆಳೆಸಿ: ಉತ್ತರ, ಅದಕ್ಕೊಂದು ವಿವರ, ಆಮೇಲೆ ‘ಇ ತು?’ (ಮತ್ತೆ ನೀನು?) ಎಂದು ಮರುಪ್ರಶ್ನೆ. ಟೀಚರಿಗಾದರೆ ‘ಇ ಉಸ್ತೆದ್?’. ಸಂಭಾಷಣೆಯ ಅಂಕ ಬರುವುದು ಮೂರನೇ ಹೆಜ್ಜೆಗೆ.

ಎಪಿ ಮತ್ತು ಕಾಲೇಜಿನ ಲೆಕ್ಕ

ಮೇಲಿನ ತರಗತಿಗಳಲ್ಲಿ ಗ್ರೇಡು ಒಬ್ಬ ಟೀಚರ್ ಕೈಯಿಂದ ಹೊರಬಂದು ಹೊರಗಿನ ಅಳತೆಗೆ ಸಿಗುತ್ತದೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿ ಪರೀಕ್ಷೆಯ 2025ರ ಸ್ವರೂಪದಲ್ಲಿ 65 ಬಹು ಆಯ್ಕೆಯ ಪ್ರಶ್ನೆಗಳಿಗೆ ಅರ್ಧ ತೂಕ, ನಾಲ್ಕು ಬರವಣಿಗೆ ಮತ್ತು ಮಾತಿನ ಕೆಲಸಗಳಿಗೆ ತಲಾ 12.5ರಂತೆ ಇನ್ನರ್ಧ. ಅಂತಿಮ ಅಂಕ 1ರಿಂದ 5. ಆ ವರ್ಷದ ಶುಲ್ಕ ಅಮೆರಿಕದೊಳಗೆ 99 ಡಾಲರ್. ಮಗು ಬರೆಯುವ ವರ್ಷದ ಸ್ವರೂಪವನ್ನು ಕಾಲೇಜ್ ಬೋರ್ಡ್ ಪ್ರಕಟಿಸುವ ಕೋರ್ಸ್ ವಿವರಣೆಯಲ್ಲಿ ನೋಡಿಯೇ ತಯಾರಿ ಶುರು ಮಾಡಿ.

ಆ ನಾಲ್ಕು ಕೆಲಸಗಳಲ್ಲಿ ಅಂಕ ಸೋರುವ ಜಾಗಗಳು ಬೇರೆ ಬೇರೆ. ಇಮೇಲ್‌ಗೆ 15 ನಿಮಿಷ: ಅಲ್ಲಿ ‘ತು’ ನುಸುಳಿದರೆ ಧಾಟಿ ಕೆಡುತ್ತದೆ, ಕೊನೆಯವರೆಗೆ ‘ಉಸ್ತೆದ್’ ಇರಬೇಕು. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿ ತಾನೂ ಒಂದು ವಿವರ ಕೇಳಬೇಕು. ಪ್ರಬಂಧಕ್ಕೆ ಮೂರು ಆಕರ: ಒಂದು ಲೇಖನ, ಒಂದು ಕೋಷ್ಟಕ ಅಥವಾ ಗ್ರಾಫ್, ಎರಡು ಸಲ ಕೇಳಿಸುವ ಒಂದು ಧ್ವನಿಮುದ್ರಣ. ಮೂರನ್ನೂ ಬಳಸಿ ತನ್ನ ನಿಲುವನ್ನು ಸಾಧಿಸಬೇಕು. ಮೂರರ ಸಾರಾಂಶ ಬರೆದು ನಿಲ್ಲಿಸುವವರು ಬಹಳ. ಸಂಭಾಷಣೆಯಲ್ಲಿ ಐದು ಸಲ, ಪ್ರತಿ ಸಲ 20 ಸೆಕೆಂಡ್. ಎಂಟು ಸೆಕೆಂಡಿಗೆ ಮಾತು ಮುಗಿಸಿ ಸುಮ್ಮನಾಗುವುದೇ ಅಲ್ಲಿಯ ಸೋಲು. ತಪ್ಪಿದರೆ ತಾನೇ ತಿದ್ದಿಕೊಂಡು ಮುಂದುವರಿಯಬೇಕು. ಕೊನೆಯದು ನಾಲ್ಕು ನಿಮಿಷ ತಯಾರಿ, ಎರಡು ನಿಮಿಷ ಮಾತು: ಸ್ಪ್ಯಾನಿಷ್ ಮಾತಾಡುವ ಒಂದು ಸಮುದಾಯವನ್ನು ತನ್ನ ಸಮುದಾಯದೊಂದಿಗೆ ಹೋಲಿಸುವುದು. ಒಂದರ ಬಗ್ಗೆಯೇ ಒಂದೂವರೆ ನಿಮಿಷ ಮಾತಾಡಿದರೆ ಹೋಲಿಕೆ ಆಗಲಿಲ್ಲ. ಅಲ್ಲಿ ‘ತನ್ನ ಸಮುದಾಯ’ ಎಂದರೆ ಮನೆಯ ಕನ್ನಡ ಸಮುದಾಯವೂ ಆಗಬಹುದು, ಹೇಳಲು ವಿಷಯವೂ ಹೆಚ್ಚು ಸಿಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಓದುವವರಿಗೆ ಇನ್ನೊಂದು ಲೆಕ್ಕ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು ಇಂಗ್ಲಿಷ್ ಅಲ್ಲದ ಒಂದೇ ಭಾಷೆಯನ್ನು ಎರಡು ವರ್ಷ ಸಿ ಅಥವಾ ಮೇಲಿನ ಗ್ರೇಡಿನೊಂದಿಗೆ ಕೇಳುತ್ತವೆ, ಮೂರು ವರ್ಷ ಇದ್ದರೆ ಒಳ್ಳೆಯದೆನ್ನುತ್ತವೆ. ಏಳು, ಎಂಟನೇ ತರಗತಿಯ ಸ್ಪ್ಯಾನಿಷ್ ಅನ್ನು ಹೈಸ್ಕೂಲು ಒಪ್ಪಿದರೆ ಅದೂ ಎಣಿಕೆಗೆ ಬರುತ್ತದೆ. ಯುಸಿ ಲೆಕ್ಕ ಹಾಕುವ ಜಿಪಿಎಯಲ್ಲಿ, ಅಂದರೆ ಗ್ರೇಡುಗಳ ಸರಾಸರಿಯಲ್ಲಿ, ಒಂಬತ್ತನೇ ತರಗತಿಯ ಗ್ರೇಡು ಸೇರುವುದಿಲ್ಲ, ಆದರೆ ಸಿ ಬೇಕೆಂಬ ನಿಯಮ ಅದಕ್ಕೂ ಇದೆ. ಸ್ಪ್ಯಾನಿಷ್ 1ರಲ್ಲಿ ಡಿ ಬಂದು ಸ್ಪ್ಯಾನಿಷ್ 2ರಲ್ಲಿ ಸಿ ಬಂದರೆ ಮೇಲಿನ ಹಂತ ಕೆಳಗಿನದನ್ನು ಊರ್ಜಿತಗೊಳಿಸುತ್ತದೆ. ಹೀಗಾಗಿ ಡಿ ಬಂದ ಕೂಡಲೇ ಭಾಷೆ ಬದಲಿಸಿ ಫ್ರೆಂಚ್‌ಗೆ ಹೋಗುವುದು ದುಬಾರಿ ನಿರ್ಧಾರ. ಅಲ್ಲಿ ಎರಡು ವರ್ಷ ಮತ್ತೆ ಮೊದಲಿಂದ ಶುರು. ಬೇಸಿಗೆಯಲ್ಲಿ ವರ್ತಮಾನ ಕಾಲವನ್ನು ಗಟ್ಟಿ ಮಾಡಿಸಿ ಸ್ಪ್ಯಾನಿಷ್ 2ಕ್ಕೆ ಕೂರಿಸಿ. ಅದಕ್ಕೆ ಮುಂಚೆ ಶಾಲೆಯ ಕೌನ್ಸೆಲರ್ ಬಳಿ, ಡಿ ಇದ್ದವರಿಗೆ ಮುಂದಿನ ಹಂತಕ್ಕೆ ಪ್ರವೇಶ ಕೊಡುತ್ತಾರೆಯೇ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ.